ಕರುಳಿನ ಕಂದು ಗೆರೆ

ಬಣ್ಣ ಏರುವುದಕ್ಕೆ ಮೂರು ನಿಮಿಷ ಸಾಕು. ಆ ಮೂರು ನಿಮಿಷ ಮಾಕ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ.

ಹಾಂಗ್‌ಕಾಂಗಿನ ಆ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಸತ್ತವರ ಅಂಗಗಳನ್ನು ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸುತ್ತಿದ್ದವನು ಅವನು. ಈಗ ಹುಡುಕುತ್ತಿದ್ದುದು ರಕ್ತದೊತ್ತಡವನ್ನು ಹದದಲ್ಲಿಡುವ ಒಂದು ಕಿಣ್ವವನ್ನು. ಪಾಪ, ಅದು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಹೋದ ವರ್ಷ ಬಂದ ಸಾರ್ಸ್ ರೋಗಾಣು ಅದನ್ನೇ ಬಾಗಿಲು ಮಾಡಿಕೊಂಡು ಮೈಯೊಳಗೆ ನುಗ್ಗಿತ್ತು. ಕಿಣ್ವ ಇದ್ದ ಕಡೆ ಕಂದು ಬಣ್ಣ ಏರುತ್ತದೆ. ಶ್ವಾಸಕೋಶದಲ್ಲಿ ಏರಿದ್ದು ನಿನ್ನೆಯೇ ಕಂಡಿತ್ತು. ಇವತ್ತು ಸಣ್ಣ ಕರುಳಿನ ಸರದಿ. ಅಪಘಾತದಲ್ಲಿ ಸತ್ತ ಯಾರದೋ ಗಟ್ಟಿಮುಟ್ಟಾದ ಕರುಳು.

ಏರದಿರಲಿ ಎಂದು ಮಾಕ್ ಬೇಡಿಕೊಳ್ಳುತ್ತಿದ್ದ.

ಹೋದ ವರ್ಷ ಮಾರ್ಚಿನಲ್ಲಿ ಅವನ ಹೆಂಡತಿ ಪುಯಿ-ಕ್ವಾನ್‌ಗೆ ಭೇದಿ ಹತ್ತಿತ್ತು. ಅವಳು ಆಸ್ಪತ್ರೆಯ ವಾರ್ಡು ಗುಡಿಸುವವಳು. ಹಿಂದಿನ ದಿನ ಮಾಕ್ ತಾನೇ ಕಪ್ಪೆಚಿಪ್ಪು ತಂದು ಹುರಿದು ಬಡಿಸಿದ್ದ.

"ಜ್ವರ ಇಲ್ಲ, ಕೆಮ್ಮಿಲ್ಲ. ಇದು ನನ್ನ ಅಡುಗೆ ಪ್ರತಾಪ ಕಣೆ," ಎಂದು ನಕ್ಕಿದ್ದ. "ಈಗ ತೋರಿಸೋಕೆ ಹೋದ್ರೆ ಅಲ್ಲಿ ನಿಜವಾದ ರೋಗ ಅಂಟಿಸ್ಕೊಂಡು ಬರ್ತೀಯ. ಸುಮ್ನೆ ಮಲಕ್ಕೋ."

ಮೂರು ದಿನ ಗಂಜಿ ಕುಡಿಸಿದ. ನಾಲ್ಕನೆಯ ದಿನ ಜ್ವರ ಬಂತು. ಹದಿನೈದನೆಯ ದಿನ ಅವಳಿರಲಿಲ್ಲ. ಚಿಪ್ಪು ತಿಂದು ಹೊಟ್ಟೆ ಕೆಟ್ಟಿತು, ರೋಗ ಆಮೇಲೆ ಬಂತು ಎಂದು ನಂಬಿಕೊಂಡೇ ಅವನು ಒಂದು ವರ್ಷ ಉಸಿರಾಡಿದ್ದ. ಚಿಪ್ಪಿನ ತಪ್ಪನ್ನು ಹೇಗೋ ಹೊರಬಹುದಿತ್ತು. ಆ ಭೇದಿಯೇ ರೋಗವಾಗಿದ್ದರೆ, ಆಸ್ಪತ್ರೆಗೆ ಕಳಿಸದೆ ಮಲಗಿಸಿದ ಆ ಮೂರು ದಿನಗಳನ್ನು ಹೊರುವ ಶಕ್ತಿ ಅವನಿಗಿರಲಿಲ್ಲ.

ಕರುಳಿನ ಒಳಅಂಚಿನುದ್ದಕ್ಕೂ ಕಂದು ಗೆರೆ ಮೂಡಿತು. ದಟ್ಟವಾಗಿಯೇ ಮೂಡಿತು.

ಈ ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಶಮ್ ಬಗ್ಗಿ ನೋಡಿ ಕುಣಿದಾಡುವುದೊಂದು ಬಾಕಿ. "ಮಾಕಣ್ಣ, ಎಷ್ಟು ಚೆನ್ನಾಗಿ ಬಂದಿದೆ! ಅದಕ್ಕೇ ನೋಡಿ, ಕೆಲವ್ರಿಗೆ ಭೇದಿಯಿಂದ್ಲೇ ಶುರುವಾಗಿದ್ದು."

"ಹೌದು ಡಾಕ್ಟ್ರೇ," ಎಂದು ಅವನು ಗಾಜಿನ ಮೇಲೆ ಚೀಟಿ ಅಂಟಿಸಿದ. ಚೀಟಿ ಸೊಟ್ಟಗಾಯಿತು.

ಮನೆಯಲ್ಲಿ ಅತ್ತೆ ಮರುದಿನ ಸತ್ತವರಿಗೆ ಎಡೆಯಿಡುವ ಚಿಂಗ್ ಮಿಂಗ್ ಪೂಜೆಗೆ ಕೋಳಿ ಬೇಯಿಸುತ್ತಲೇ ಮಾಕ್‌ಗೆ ಊಟ ಬಡಿಸಿದಳು.

"ನಾಳೆ ಸಮಾಧಿಗೆ ಕೋಳಿ, ಕಿತ್ತಳೆ ಸಾಕು. ಆ ಹಾಳು ಚಿಪ್ಪು ಈ ಮನೆ ಹೊಸ್ತಿಲು ದಾಟಬಾರ್ದು, ನನ್ನ ಮಗಳನ್ನ ತಿಂದಿದ್ದೇ ಅದು," ಎಂದು ಎಂದಿನಂತೆ ಬೈದಳು. ಆಮೇಲೆ ದನಿ ತಗ್ಗಿಸಿದಳು. "ಆದ್ರೂ ಮೂರು ದಿನ ಪಕ್ಕ ಬಿಟ್ಟು ಕದಲದೆ ಅವಳನ್ನ ನೋಡ್ಕೊಂಡೆಯಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲಪ್ಪ."

ಮಾಕ್ ಬಾಯಿ ತೆರೆದ. ಹೇಳಿಬಿಡಬೇಕೆಂದೇ ತೆರೆದ.

"ಹೌದತ್ತೆ," ಎಂದ. "ಆ ಚಿಪ್ಪೇ."

ಅತ್ತೆ ಅವನ ಬಟ್ಟಲಿಗೆ ಇನ್ನೊಂದು ಸೌಟು ಸಾರು ಹಾಕಿದಳು.