ಸೆಲಿನಮ್ಮನ ಗಿಳಿ

"ತಗೊಳ್ಳಿ ಸಂತ್ಯಾಗಣ್ಣ, ನಿಮ್ಮ ಗಿಣಿ ನಿಮ್ಗೇ ಇರ್ಲಿ," ಎಂದು ಪೌಲಿನಮ್ಮ ಪಂಜರವನ್ನು ಜಗುಲಿಯ ಮೇಲೆ ಕುಕ್ಕಿದಳು. ಒಳಗಿದ್ದ ನೀರಿನ ಬಟ್ಟಲು ಮಗುಚಿಕೊಂಡಿತು. ಗಿಳಿ ರೆಕ್ಕೆ ಕೊಡವಿ, ಏನೂ ಆಗದ ಹಾಗೆ ಬೀದಿಯ ಕಡೆ ನೋಡಿತು.

ದರ್ಜಿ ಸಂತಿಯಾಗು ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಇಟ್ಟು ನಿಲ್ಲಿಸಿದ. "ಮೂರೇ ದಿನ ಆಯ್ತಲ್ಲ ಪೌಲಿನಮ್ಮ. ಏನು ಮಾಡ್ತು ಅದು?"

"ಏನು ಮಾಡ್ಲಿಲ್ಲ ಅಂತ ಕೇಳಿ. ನೆನ್ನೆ ಬೀಗರು ಬಂದಿದ್ರು. ಎಲ್ಲಾ ಪ್ರಾರ್ಥನೆಗೆ ಕೂತಿದ್ವಿ. ಮೊದ್ಲು ಚೆನ್ನಾಗೇ ಹೇಳ್ತಿತ್ತು. ನಡುವೆ, ಬೀಗಿತ್ತಿ ಎದುರಿಗೇ, 'ಪೌಲಿನಾ ಮೊಸರಿಗೆ ನೀರು ಬೆರೆಸ್ತಾಳೆ' ಅಂದ್ಬುಡ್ತು. ಒಂದು ಸಲ ಅಲ್ಲ, ನಾಕು ಸಲ."

"ಅದಕ್ಕೇನು ತಿಳೀತದೆ, ಪಕ್ಷಿ."

"ಅದಕ್ಕೆ ತಿಳೀದು. ಹೇಳ್ಕೊಟ್ಟೋರಿಗೆ ತಿಳಿದಿತ್ತಲ್ಲ." ಅಷ್ಟು ಹೇಳಿದವಳು ತಟ್ಟನೆ ಶಿಲುಬೆಯ ಗುರುತು ಹಾಕಿಕೊಂಡಳು. ಹೇಳಿಕೊಟ್ಟ ಸೆಲಿನಮ್ಮ ತೀರಿಹೋಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. "ಅವರ ಆತ್ಮಕ್ಕೆ ಶಾಂತಿ ಸಿಗ್ಲಿ. ಆದ್ರೆ ನಾನು ಬೆರೆಸೋದು ಒಂದೇ ಲೋಟ ಕಣ್ರೀ," ಎಂದು ಮೆಟ್ಟಿಲಿಳಿದು ಹೋದಳು.

ಸೆಲಿನಮ್ಮ ಸಂತಿಯಾಗುವಿಗೆ ಜ್ಞಾನತಾಯಿ, ಅಂದರೆ ದೀಕ್ಷಾಸ್ನಾನದ ದಿನ ಅವನನ್ನು ಕೈಯಲ್ಲಿ ಹಿಡಿದವಳು. ಪ್ಲೇಗಿನ ವರ್ಷ ಅವನ ತಂದೆತಾಯಿ ಇಬ್ಬರೂ ಹೋದಾಗ ಅವಳೇ ಕರೆತಂದು ಸಾಕಿದಳು. ಚರ್ಚಿನಲ್ಲಿ ಆರು ಗಂಟೆಯ ಗಂಟೆ ಬಾರಿಸಿತೆಂದರೆ ಅವಳು ಮೊಣಕಾಲೂರಿ ಒಬ್ಬೊಬ್ಬ ಸಂತರ ಹೆಸರನ್ನೇ ಹೇಳುವಳು. ಪ್ರತಿ ಹೆಸರಿಗೂ ಮನೆಯ ಇನ್ನೊಬ್ಬರು "ನಮಗೋಸ್ಕರ ಬೇಡಿಕೊಳ್ಳಿ" ಎನ್ನಬೇಕು. ಚಿಕ್ಕಂದಿನಲ್ಲಿ ಸಂತಿಯಾಗು ಹೇಳುತ್ತಿದ್ದ. ಮೀಸೆ ಮೂಡಿದ ಮೇಲೆ ಸರಿಯಾಗಿ ಅದೇ ಹೊತ್ತಿಗೆ ಅವನಿಗೆ ಹೊರಗೆ ಕೆಲಸ ಹುಟ್ಟಿಕೊಳ್ಳತೊಡಗಿತು. ಆಗ ಅವನ ಜಾಗಕ್ಕೆ ಗಿಳಿ ಬಂತು. ಇಪ್ಪತ್ತು ವರ್ಷ ಅದು ಒಂದು ಸಂಜೆಯೂ ತಪ್ಪಿಸಲಿಲ್ಲ. ಆದರೆ ಸೆಲಿನಮ್ಮನಿಗೆ ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಕಿಟಕಿಯಾಚೆ ಕಣ್ಣು ಹಾಯಿಸುವ ಅಭ್ಯಾಸವಿತ್ತು. ಕಂಡದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ. ಗಿಳಿ ಅದನ್ನೂ ಅಷ್ಟೇ ಭಕ್ತಿಯಿಂದ ಕಲಿತಿತ್ತು.

"ದಿನಾ ಸಂಜೆ ಪ್ರಾರ್ಥನೆ ಮಾಡೋ ಮನೇಲೇ ಅದು ಇರ್ಬೇಕು ಕಣೋ. ನಿನ್ನ ಕೈಲಿ ಆಗದು, ನಂಗೊತ್ತು. ಒಳ್ಳೆ ಮನೆ ನೋಡಿ ಕೊಡು," ಎಂದು ಸಾಯುವ ಮುಂಚೆ ಅವಳು ಮಾತು ತೆಗೆದುಕೊಂಡಿದ್ದಳು.

ಅವನ ಕೈಲಿ ನಿಜವಾಗಿಯೂ ಆಗಲಿಲ್ಲ. ಗಂಟೆ ಬಾರಿಸಿದೊಡನೆ ಗಿಳಿ ಕೋಲಿನ ತುದಿಗೆ ಸರಿದು ಕಾಯುತ್ತಿತ್ತು. ಹೆಸರು ಬರದಿದ್ದರೆ ಮೊದಲು ಮೆಲ್ಲಗೆ, ಆಮೇಲೆ ಬೀದಿಗೆ ಕೇಳುವ ಹಾಗೆ, "ನಮಗೋಸ್ಕರ ಬೇಡಿಕೊಳ್ಳಿ" ಎಂದು ಕೂಗುತ್ತಿತ್ತು. ದನಿ ಥೇಟು ಸೆಲಿನಮ್ಮನದೇ. ಒಂದು ಸಂಜೆ ಬಾಗಿಲು ಹಾಕಿಕೊಂಡು ಅವನೂ ಪ್ರಯತ್ನಪಟ್ಟ. ಐದು ಹೆಸರಾದ ಮೇಲೆ ಆರನೆಯದು ನೆನಪಾಗಲಿಲ್ಲ. ನಲವತ್ತರ ಹತ್ತಿರ ಬಂದ ಗಂಡಸು ಪಂಜರದ ಮುಂದೆ ತಲೆತಗ್ಗಿಸಿ ಕೂತ.

ಪೌಲಿನಮ್ಮನಿಗಿಂತ ಮೊದಲು ಗಿಳಿ ಹೋಗಿದ್ದು ಉಪದೇಶಿ ಅಂತೋಣಿಸ್ವಾಮಿಯ ಮನೆಗೆ. ಮಕ್ಕಳಿಗೆ ಜಪ ಕಲಿಸುವವನ ಮನೆಗಿಂತ ಒಳ್ಳೆಯ ಮನೆ ಯಾವುದು? ಮಾರನೆಯ ಬೆಳಿಗ್ಗೆಯೇ ಅಂತೋಣಿಸ್ವಾಮಿ ಪಂಜರ ತಂದಿಟ್ಟು, ಕಾರಣ ಹೇಳದೆ ಹೊರಟುಹೋದ. ಕಾರಣ ಅವನಿಗಿಂತ ಮುಂಚೆಯೇ ಬೀದಿ ತಲುಪಿತ್ತು: "ಅಂತೋಣಿ ಮೇಣದಬತ್ತಿ ಮನೆಗೆ ಒಯ್ತಾನೆ." ಆ ಭಾನುವಾರ ಬಲಿಪೀಠದ ಮೇಲೆ ಎಂದಿಗಿಂತ ಹೆಚ್ಚು ಬತ್ತಿಗಳು ಉರಿದವಂತೆ.

ಪೌಲಿನಮ್ಮನ ಮೊಸರಿನ ಸುದ್ದಿಯೂ ಸೇರಿದ ಮೇಲೆ ಸಂತಿಯಾಗು ಪಂಜರ ಹಿಡಿದು ಹೊರಟರೆ ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಯಾರಿಗೂ ಗಿಳಿಯ ಮೇಲೆ ಸಿಟ್ಟಿರಲಿಲ್ಲ. ತಮ್ಮ ವಿಷಯ ಅದಕ್ಕೆ ಏನು ಗೊತ್ತಿದೆಯೋ ಎಂಬುದಷ್ಟೇ ಅವರ ಚಿಂತೆ.

ಪೌಲಿನಮ್ಮ ಬಂದುಹೋಗಿ ಒಂದು ವಾರವಾದ ಸಂಜೆ, ಸಂತೆಪೇಟೆಯ ಜವಳಿ ವ್ಯಾಪಾರಿ ಪ್ರಭುಸ್ವಾಮಿ ಕೋಟಿನ ಅಳತೆ ಕೊಡಲು ಬಂದ. ಸಂತಿಯಾಗು ಅವನ ಸೊಂಟಕ್ಕೆ ಟೇಪು ಸುತ್ತುತ್ತಿದ್ದಾಗ ಗಂಟೆ ಬಾರಿಸಿತು. ಒಳಗಿನಿಂದ ಗಿಳಿ ಸೆಲಿನಮ್ಮನ ದನಿಯಲ್ಲಿ ಕೂಗಿತು.

"ಯಾರ್ರೀ ಅದು, ಮನೇಲಿ ಹೆಂಗಸರು ಇಲ್ಲ ಅಂದಿದ್ರಿ?" ಎಂದ ಪ್ರಭುಸ್ವಾಮಿ.

ಸಂತಿಯಾಗು ನಾಚಿಕೆಯಿಂದ ಎಲ್ಲವನ್ನೂ ಹೇಳಿದ. ಪ್ರಭುಸ್ವಾಮಿ ನಗಲಿಲ್ಲ. ಎತ್ತಿದ ಕೈಗಳನ್ನು ಇಳಿಸುವುದನ್ನೂ ಮರೆತು ನಿಂತ. "ನಮ್ಮವ್ವನಿಗೆ ಕಣ್ಣು ಹೋಗಿ ಎರಡು ವರ್ಷ. ಸಂಜೆ ಶಿವನ ನೂರೆಂಟು ಹೆಸರು ಹೇಳ್ತಾರೆ. ಜೊತೆಗೆ ಕೂರ್ತಿದ್ದ ನಮ್ಮ ಚಿಕ್ಕವ್ವ ತೀರ್ಕೊಂಡ್ರು. ಈಗ ನಾನು ಕೂರ್ತೀನಿ, ಇಪ್ಪತ್ತು ಹೆಸರಿಗೆಲ್ಲ ನಿದ್ದೆ ಬಂದ್ಬುಡ್ತದೆ. ಗೋಡೆಗೆ ಹೇಳೋದಕ್ಕಿಂತ ಸುಮ್ಮನಿರೋದೇ ವಾಸಿ ಅಂತ ಅವ್ವ ನಾಕು ದಿನದಿಂದ ಬಾಯೇ ಬಿಟ್ಟಿಲ್ಲ." ಸ್ವಲ್ಪ ತಡೆದು ಕೇಳಿದ: "ಇದು ಮಾಂಸ ಗೀಂಸ ತಿನ್ನಲ್ಲ ತಾನೆ?"

"ಹಣ್ಣು, ಹಸಿಮೆಣಸಿನಕಾಯಿ, ನೆನೆಹಾಕಿದ ಕಡ್ಲೆ. ಅಷ್ಟೇ ಸ್ವಾಮಿ."

"ನಮ್ಮ ವಿಷಯ ಏನಾದ್ರೂ ಗೊತ್ತೇನ್ರೀ ಅದಕ್ಕೆ?"

"ಸೆಲಿನಮ್ಮ ನಿಮ್ಮ ಬೀದಿ ಕಡೆ ಬಂದೇ ಇರ್ಲಿಲ್ಲ."

ಮರುದಿನ ದೀಪ ಹಚ್ಚುವ ಹೊತ್ತಿಗೆ ಸಂತಿಯಾಗು ಪಂಜರದೊಡನೆ ಸಂತೆಪೇಟೆಯ ಮನೆಯ ಪಡಸಾಲೆಯಲ್ಲಿದ್ದ. ಪ್ರಭುಸ್ವಾಮಿಯ ತಾಯಿ ಸಿದ್ದಲಿಂಗಮ್ಮ ಮಣೆಯ ಮೇಲೆ ನೆಟ್ಟಗೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ಬೆರಳಲ್ಲಿ ರುದ್ರಾಕ್ಷಿ ಸರ. "ಪಕ್ಷಿ ಮುಂದೆ ಕೂರ್ಸಿ ನನ್ನ ಆಡಿಸ್ತೀಯೇನೋ," ಎಂದು ಮಗನನ್ನು ಗದರಿದರು. ಆದರೂ ಹೊತ್ತು ಮೀರಬಾರದೆಂದು ಮೊದಲ ಹೆಸರು ಹೇಳಿದರು.

"ಓಂ ಶಿವಾಯ ನಮಃ."

"ನಮಗೋಸ್ಕರ ಬೇಡಿಕೊಳ್ಳಿ," ಎಂದಿತು ಗಿಳಿ.

ಸಿದ್ದಲಿಂಗಮ್ಮನ ಬೆರಳು ನಿಂತಿತು. ಪ್ರಭುಸ್ವಾಮಿ ಪಂಜರದ ಕಡೆ ಧಾವಿಸಿದ. "ತಪ್ಪಾಯ್ತವ್ವ. ಇಂಥ ಮಾತು ಅಂತ ನಾನು ಯೋಚ್ನೆ ಮಾಡ್ಲಿಲ್ಲ. ಶಿವ ಯಾರ ಹತ್ರ ಹೋಗಿ ಬೇಡ್ಬೇಕು? ಈಗ್ಲೇ ವಾಪಸ್ ಕಳಿಸ್ತೀನಿ."

"ಸುಮ್ನಿರೋ," ಎಂದರು ಮುದುಕಿ. "ಕಪಾಲ ಹಿಡ್ಕೊಂಡು ಮನೆಮನೆ ಬೇಡ್ದೋನು ಅವನೇ ಅಲ್ವಾ. ನಮಗೋಸ್ಕರ ಇನ್ನೊಂದು ಮನೆ ತಿರುಗ್ಲಿ ಬಿಡು." ಆಮೇಲೆ ದನಿಯೇರಿಸಿ, "ಓಂ ಮಹೇಶ್ವರಾಯ ನಮಃ," ಎಂದರು.

"ನಮಗೋಸ್ಕರ ಬೇಡಿಕೊಳ್ಳಿ."

ಹೆಸರುಗಳು ಓಡತೊಡಗಿದವು. ಮೂವತ್ತರ ಹತ್ತಿರ ಪ್ರಭುಸ್ವಾಮಿ ಕಂಬಕ್ಕೊರಗಿ ಗೊರಕೆ ಹೊಡೆದ. ಅರವತ್ತರ ಆಸುಪಾಸಿನಲ್ಲಿ ಗಿಳಿ ಹೆಸರಿಗೆ ಕಾಯದೆ, "ಪೌಲಿನಾ ಮೊಸರಿಗೆ ನೀರು ಬೆರೆಸ್ತಾಳೆ," ಎಂದಿತು. ಸಂತಿಯಾಗು ಎದ್ದು ಪಂಜರದ ಹಿಡಿಗೆ ಕೈ ಹಾಕಿದ.

"ಯಾವ ಪೌಲಿನಾ?" ಎಂದರು ಸಿದ್ದಲಿಂಗಮ್ಮ.

"ನಮ್ಮ ಬೀದಿಯೋರು ಅವ್ವ. ಒಂದೇ ಲೋಟ ಅಂತೆ."

"ಎಲ್ರೂ ಹೇಳೋದು ಅಷ್ಟೇ." ಕಾಣದ ಕಣ್ಣುಗಳು ಅಗಲವಾದವು. "ಇನ್ನೂ ಯಾರ್ಯಾರ ಸುದ್ದಿ ಇದೆ ಇದರ ಹತ್ರ? ಇರ್ಲಿ, ಆಮೇಲೆ ನಿಧಾನವಾಗಿ ಕೇಳ್ತೀನಿ. ಪಂಜರ ಬಿಡಿ ನೀವು."

ನೂರೆಂಟೂ ಮುಗಿದವು. ಗಿಳಿ ಮುಗಿಸಲಿಲ್ಲ. ಕೋಲಿನ ತುದಿಯಲ್ಲೇ ಕೂತು ಮತ್ತೆ, "ನಮಗೋಸ್ಕರ ಬೇಡಿಕೊಳ್ಳಿ," ಎಂದಿತು.

"ಇನ್ನೂ ಸಾಲದಂತೆ," ಎಂದು ಮುದುಕಿ ನಕ್ಕರು. ಐದು ದಿನದ ಮೇಲಿನ ಆ ನಗುವಿಗೆ ಪ್ರಭುಸ್ವಾಮಿಗೆ ಎಚ್ಚರವಾಯಿತು. "ನನ್ನ ಹತ್ರ ಇದ್ದದ್ದು ಆಯ್ತಪ್ಪ. ನೀವೊಂದು ಹೆಸರು ಹೇಳಿ."

ಸಂತಿಯಾಗು ಗಂಟಲು ಸರಿಮಾಡಿಕೊಂಡ. ಹೇಳಬೇಕಾದ ಹೆಸರುಗಳು ಯಾವುವೂ ನಾಲಿಗೆಗೆ ಬರಲಿಲ್ಲ. ಬಂದದ್ದು ಒಂದೇ.

"ಸೆಲಿನಮ್ಮ," ಎಂದ.

"ನಮಗೋಸ್ಕರ ಬೇಡಿಕೊಳ್ಳಿ," ಎಂದಿತು ಗಿಳಿ, ಉಳಿದ ನೂರೆಂಟಕ್ಕೂ ಹೇಳಿದ ಅದೇ ದನಿಯಲ್ಲಿ.

ಸಿದ್ದಲಿಂಗಮ್ಮ ಅದು ಯಾರೆಂದು ಕೇಳಲಿಲ್ಲ. ಬೆರಳಿನಿಂದ ಇನ್ನೊಂದು ಮಣಿ ಸರಿಸಿದರು. ಒಳಗಿನಿಂದ ಸೊಸೆ ನೆನೆಹಾಕಿದ ಕಡ್ಲೆಯ ಬಟ್ಟಲು ತಂದು ನೆಲದ ಮೇಲಿಟ್ಟಳು. ಗಿಳಿ ಅತ್ತ ತಿರುಗಲಿಲ್ಲ. ಕತ್ತು ಓರೆ ಮಾಡಿ, ಮುಂದಿನ ಹೆಸರಿಗೆ ಕಾಯುತ್ತಿತ್ತು.