ಕೇಳದೆ ತಂದ ಹಾಳೆ

ಹೆನ್ನಿಂಗ್‌ನನ್ನು ಮಣ್ಣು ಮಾಡಿದ ಮರುದಿನ ಅವನ ಹೆಂಡತಿ ಮಾರೈಕೆಗೆ ವಠಾರದ ಮೆಟ್ಟಿಲು ಒರೆಸುವ ಸರದಿ ಬಂದಿತ್ತು. ವಾರಕ್ಕೊಂದು ಮನೆಯ ಬಾಗಿಲಿಗೆ ತೂಗುಹಾಕುವ ಸರದಿಯ ಹಲಗೆಗೆ ಸಾವುನೋವು ಗೊತ್ತಿಲ್ಲ. ಅವಳು ಬಕೆಟ್ ಹಿಡಿದು ಹೊರಬಂದಾಗ ಕೆಳಮನೆಯ ಸೆವಿಲ್ ಆಗಲೇ ಅರ್ಧ ಒರೆಸಿದ್ದಳು.

"ಒಳಗೆ ಹೋಗ್ರೀ. ನಿನ್ನೆ ಮಣ್ಣಿಗೆ ಬಂದೋರಿಗೆ ಕೊಟ್ಟ ಕೇಕ್ ಉಳಿದಿದ್ರೆ ಒಂದು ಚೂರು ತಿನ್ನಿ."

"ಅಷ್ಟು ಬೆಣ್ಣೆ ಇರೋ ಕೇಕ್ ನನಗೆ ಬೇಡ."

"ಹಾಗಾದ್ರೆ ಬೇಳೆ ಸೂಪ್ ಕೊಡ್ತೀನಿ. ಒಬ್ಬಳಿಗೇ ಅಂತ ಅಳತೆ ನನಗಿನ್ನೂ ಬಂದಿಲ್ಲ."

ಸೆವಿಲ್‌ಳ ಮಗಳು ಎಲಿಫ್ ಮೂರು ತಿಂಗಳಿಂದ ಅಪ್ಪನ ಮನೆಯಲ್ಲಿದ್ದಳು. ಅಜ್ಜಿಗೆ ಕಾಯಿಲೆಯೆಂದು ಸೆವಿಲ್ ಮಗುವನ್ನು ತನ್ನ ತವರು, ಟರ್ಕಿಯ ಇಜ್ಮಿರ್‌ಗೆ ಕರೆದೊಯ್ಯಲು ಹೊರಟಿದ್ದಳು. ಮರಳುವ ದಿನ ಗೊತ್ತಿಲ್ಲದೆ ಹೋಗುವ ಟಿಕೆಟ್ ಮಾತ್ರ ತೆಗೆದಿದ್ದಳು. ಬೇರೆಯಾಗಿದ್ದ ಗಂಡ ಊಲ್ಫ್, ಅವರು ಹೊರಡುವ ಹಿಂದಿನ ದಿನವೇ ನ್ಯಾಯಾಲಯದಿಂದ ತಡೆ ತಂದು ಮಗುವನ್ನು ಕರೆದೊಯ್ದ. ಅವಳು ಮರಳುವುದಿಲ್ಲವೆಂದು ಅವಳ ಮನೆಯವರಲ್ಲೇ ಒಬ್ಬರು ಹೆದರಿ ತಿಳಿಸಿದರು ಎಂದ. ಟಿಕೆಟಿನ ವಿಷಯ ಗೊತ್ತಿದ್ದದ್ದು ತಂಗಿಗೆ ಮಾತ್ರ. ಸೆವಿಲ್ ಅವಳಿಗೆ ಬಾಗಿಲು ಮುಚ್ಚಿದಳು. ಮಗು ಯಾರ ಬಳಿ ಇರಬೇಕೆಂದು ಗುರುವಾರ ಮತ್ತೆ ವಿಚಾರಣೆಯಿತ್ತು.

ಹತ್ತು ಗಂಟೆಗೆ ಹೆನ್ನಿಂಗ್‌ನ ಸಹೋದ್ಯೋಗಿ ಡೀಟ್ಮಾರ್ ಕಚೇರಿಯಲ್ಲಿದ್ದ ಅವನ ಸಾಮಾನಿನ ಪೆಟ್ಟಿಗೆ ತಂದ. ಅವರದು ಪೊಲೀಸರ ಒಂದು ವಿಭಾಗ. ವಿಮಾನವೇರುವ ಪ್ರತಿಯೊಬ್ಬರ ವಿವರ ಅಲ್ಲಿಗೆ ಬರುತ್ತದೆ. ಪೊಲೀಸರು ಹುಡುಕುತ್ತಿರುವವರ ಪಟ್ಟಿಗೆ ಹೆಸರು ಹೊಂದಿದರೆ ಒಬ್ಬರು ಕೂತು ನೋಡಬೇಕು. ಹೆಚ್ಚಿನವು ಬರೀ ಹೆಸರಷ್ಟೇ ಒಂದಾದ ಸುಳ್ಳು ಹೊಂದಿಕೆಗಳು. ಯಾರು ಯಾರ ಪಕ್ಕದ ಸೀಟು ಕೇಳಿದರು ಎಂಬುದನ್ನು ಹೆನ್ನಿಂಗ್ ರಾತ್ರಿ ಊಟಕ್ಕೆ ಕೂತು ನಗುತ್ತ ಹೇಳುತ್ತಿದ್ದ. ಮಾರೈಕೆಯೂ ನಗುತ್ತಿದ್ದಳು.

"ಪೆಟ್ಟಿಗೆ ತಳದಲ್ಲೊಂದು ಹಾಳೆ ಇದೆ. ಬೇರೆಯವರು ಅವನ ಡ್ರಾಯರ್ ತೆಗೆಯೋ ಮುಂಚೆ ಎತ್ಕೊಂಡು ಬಂದೆ. ಹರಿದು ಹಾಕಮ್ಮ," ಎಂದ ಡೀಟ್ಮಾರ್.

ಅವಳು ಓದಿದಳು. ಸೆವಿಲ್, ಎಲಿಫ್. ಸೀಟು, ಊಟ, ಫೋನ್ ನಂಬರು, ಮಗುವಿನ ಹುಟ್ಟಿದ ದಿನ. ಅಂಚಿನಲ್ಲಿ ಹೆನ್ನಿಂಗ್‌ನ ಓರೆ ಅಕ್ಷರ: 'ಹೋಗುವ ಟಿಕೆಟ್ ಮಾತ್ರ! ಊಲ್ಫ್‌ಗೆ ಹೇಳಬೇಕು.' ಪಕ್ಕದಲ್ಲಿ ನಗುವ ಮುಖವೊಂದನ್ನು ಬರೆದಿದ್ದ.

ಊಲ್ಫ್ ಪ್ರತಿ ಮಂಗಳವಾರ ಹೆನ್ನಿಂಗ್ ಜೊತೆ ಇಸ್ಪೀಟಾಡುತ್ತಿದ್ದವನು.

"ಇವಳ ಹೆಸರು ಯಾವ ಪಟ್ಟಿಗೆ ಹೊಂದಿತ್ತು?"

"ಯಾವುದಕ್ಕೂ ಇಲ್ಲ. ಗೆಳೆಯ ಕೇಳಿದ, ಹೆನ್ನಿಂಗ್ ನೋಡಿದ. ತಪ್ಪೇ ಅನ್ನು."

"ನಿಮ್ಮಲ್ಲಿ ಎಲ್ಲರೂ ಹೀಗೇ ನೋಡ್ತಾರಾ?"

"ಇಲ್ಲ! ಕಳೆದ ವರ್ಷ ಇದೇ ಪಟ್ಟಿಯಿಂದ ಎರಡು ಹೆಣ್ಣುಮಕ್ಕಳನ್ನ ಮಾರೋರ ಕೈಯಿಂದ ಬಿಡಿಸಿದ್ವಿ. ಅವರಮ್ಮ ನನ್ನ ಕೈ ಹಿಡ್ಕೊಂಡು ಬಿಟ್ಟಿರಲಿಲ್ಲ. ಇದು ಹೊರಗೆ ಬಂದ್ರೆ ಆ ಕೆಲಸಕ್ಕೂ ಮಸಿ."

"ಆ ಮಕ್ಕಳ ಹೆಸರು ಹೇಳಿ ಇದನ್ನ ಮುಚ್ಚಬೇಡಿ."

"ಸತ್ತವನ ಮೇಲೆ ಕೆಸರು ಎರಚ್ತೀಯಾ? ನಿನ್ನೆ ಎಷ್ಟು ಜನ ಅತ್ತರು ನೋಡಿದೆಯಲ್ಲ!"

"ನಾನೂ ಅತ್ತೆ. ಹೊರಡಿ, ಡೀಟ್ಮಾರ್."

ಅವನು ಹೋದ ಮೇಲೆ ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಮಲಗುವ ಕೋಣೆಗೆ ಹೋದಳು. ಊಲ್ಫ್ ಮಗುವನ್ನು ಕರೆದೊಯ್ದ ವಾರ ಹೆನ್ನಿಂಗ್ ಹೊರಗಿನ ಮೆಟ್ಟಿಲಲ್ಲಿ ಸೆವಿಲ್‌ಗೆ ಸಮಾಧಾನ ಹೇಳಿದ್ದ. "ರಕ್ತಸಂಬಂಧಾನೂ ನಂಬೋ ಹಾಗಿಲ್ಲ ಬಿಡಿ," ಎಂದಿದ್ದ. ಅವನ ದಿಂಬಿನ ಮೇಲೆ ತಲೆಗೂದಲಿತ್ತು. ದಿಂಬನ್ನು ಕಸದ ಚೀಲಕ್ಕೆ ತುರುಕಿದಳು. ಮತ್ತೆ ಮೇಜಿಗೆ ಬಂದು ಹಾಳೆಯ ಹಿಂದೆ ನಾಲ್ಕು ಸಾಲು ಬರೆದಳು.

ಕೆಳಗಿಳಿದು ಬಾಗಿಲು ತಟ್ಟಿದಾಗ ಸೆವಿಲ್ ತೆರೆದಳು. "ಬಂದ್ರಾ? ಸೂಪ್ ಈಗ ಕುದೀತು."

"ಇದು ನಿಮ್ಮದು. ಹೆನ್ನಿಂಗ್ ತಂದಿಟ್ಟುಕೊಂಡಿದ್ದ. ವಾಪಸ್ ಕೊಡೋಕೆ ಬಂದೆ."

"ನಮ್ಮನೆಯಿಂದ ತಂದಿದ್ದಾ? ಕೇಳಿದ ನೆನಪೇ ಇಲ್ವಲ್ಲ."

"ಕೇಳಿರಲಿಲ್ಲ."

ಸೆವಿಲ್ ಓದಿದಳು. ಅಂಚಿನ ಅಕ್ಷರವನ್ನು ಎರಡು ಸಲ ಓದಿದಳು. ಒಲೆಯ ಮೇಲೆ ಸೂಪ್ ಉಕ್ಕಿತು. ಯಾರೂ ಆರಿಸಲಿಲ್ಲ.

"ನನ್ನ ತಂಗಿ ಅಲ್ಲ," ಎಂದಳು. "ಅವಳನ್ನ ಏನೇನು ಅಂದುಬಿಟ್ಟೆ ನಾನು!" ಹಾಳೆಯಿಂದ ತಲೆಯೆತ್ತಿ ಕೇಳಿದಳು, "ಗುರುವಾರ ಕೋರ್ಟಲ್ಲಿ, ಇದು ಎಲ್ಲಿ ಸಿಕ್ತು ಅಂತ ಕೇಳ್ತಾರೆ. ಏನು ಹೇಳಲಿ?"

ಮಾರೈಕೆ ಅವಳ ಕೈಯಲ್ಲಿದ್ದ ಹಾಳೆಯನ್ನು ತಿರುಗಿಸಿದಳು.

"ಎಲ್ಲಿಂದ ಬಂತು ಅಂತ ಇಲ್ಲೇ ಬರೆದಿದ್ದೀನಿ. ಅವನ ಹೆಸರು, ಕೆಳಗೆ ನನ್ನ ಸಹಿ."