ಮೀನಿನ ಕಲ್ಲು

"ಈ ನನ್ಮಗನ ಕೈ ಸೋಕಿದ್ರೆ ಗೋಪುರದ ಕಲ್ಲಿಗೂ ಕಾಲು ಬರುತ್ತೆ!"

ಮೇಸ್ತ್ರಿ ಎಲ್ಲರೆದುರಿಗೇ ಅಂದುಬಿಟ್ಟ. ಸುಣ್ಣ ಕಲಸುತ್ತಿದ್ದವರು ಕಿಸಕ್ಕನೆ ನಕ್ಕರು. ಕಿರಿಯ ಗಾರೆಯವನಿಗೆ ಮೈಯೆಲ್ಲ ಉರಿದುಹೋಯಿತು.

ಅದು ಒಂದಾನೊಂದು ಕಾಲಕ್ಕೆ ಊರು ಕಾಯುತ್ತಿದ್ದ ಗೋಪುರ. ಗೋಡೆ ಆಳುದ್ದ ದಪ್ಪ. ಕಿಂಡಿಗಳು ಹೊರಗೆ ಗೇಣಗಲ, ಒಳಗೆ ಬಾಗಿಲಗಲ. ಕಾವಲಿನವನಿಗೆ ಊರೆಲ್ಲ ಕಾಣಬೇಕು, ಅವನು ಮಾತ್ರ ಯಾರ ಕಣ್ಣಿಗೂ ಬೀಳಬಾರದು. ತುದಿಯಲ್ಲಿ ಕಿಂಡಿಗೊಂದು ಕೆತ್ತಿದ ಕಲ್ಲು: ಹೊಳೆಯ ಕಡೆ ಮೀನು, ಹೆದ್ದಾರಿಯ ಕಡೆ ಗೊರಸು, ಕಾಡಿನ ಕಡೆ ಎಲೆ. ದುರಸ್ತಿಗೆಂದು ಬಿಚ್ಚಿಟ್ಟಾಗ ಮೀನಿನ ಕಲ್ಲು ಮಾಯವಾಗಿತ್ತು. ಆ ಸಂಜೆ ಕೊನೆಗೆ ಇಳಿದವನು ಇವನೇ. ಕಲ್ಲು ಸಿಗದಿದ್ದರೆ ಕಳ್ಳನೆಂಬ ಹೆಸರು ಹೊತ್ತೇ ಮನೆಗೆ ನಡೆಯಬೇಕು.

ಅಂದಿನಿಂದ ಅವನಿಗೆ ಕಂಡವರ ಮೇಲೆಲ್ಲ ಗುಮಾನಿ. ವಾಚ್‌ಮನ್ ಕಾಲಿಗೆ ಹೊಸ ಬೂಟು ಎಲ್ಲಿಂದ ಬಂತು? ಲಾರಿಯವನು ಯಾಕೆ ಕಣ್ಣು ತಪ್ಪಿಸುತ್ತಾನೆ? ಅಕ್ಕನ ಗಂಡನ ಮೇಲೆ ಮಾತ್ರ ಗುಮಾನಿ ಇರಲಿಲ್ಲ. ಇವನನ್ನು ಕೆಲಸಕ್ಕೆ ಸೇರಿಸಿದವನೇ ಆತ, ಕಟ್ಟಡದಲ್ಲಿ ಪಳಗಿದ ಕೈ.

"ತಲೆ ಕೆಡಿಸ್ಕೋಬೇಡ್ವೋ," ಭಾವ ಹೆಗಲು ತಟ್ಟಿದ. "ಬೇರೆ ಕಡೆ ಕೆಲಸ ನೋಡ್ಕೊಂಡ್ಬಿಡು. ಎಲ್ಲ ತಾನಾಗೇ ತಣ್ಣಗಾಗುತ್ತೆ."

ನನ್ನನ್ನು ಸಾಗಹಾಕಲು ಇವನಿಗೇಕೆ ಇಷ್ಟು ಅವಸರ?

ಅವನು ಸರಸರನೆ ಗೋಪುರ ಹತ್ತಿದ. ಹೊಳೆ ಕಡೆಯ ಕಿಂಡಿಯ ಕೆಳಗಿನ ಕಲ್ಲಿನ ಸಾಲು ಭಾವನೇ ಕಟ್ಟಿದ್ದು. ಅಕ್ಕಪಕ್ಕದ ಕಲ್ಲುಗಳು ಗಾಳಿಗೆ ಸವೆದು ನುಣುಪಾಗಿದ್ದರೆ ಆ ಸಾಲಿನ ಒಂದು ಕಲ್ಲಿನ ಮೈಮೇಲೆ ಹಸಿ ಉಳಿಗುರುತು. ಅಂಚು ಮುರಿದ ಕಲ್ಲನ್ನು ಗಾರೆಯವರು ಎಸೆಯುವುದಿಲ್ಲ. ಮುಖ ಒಳಗೆ ಮಾಡಿ, ಬೆನ್ನು ತಿದ್ದಿ ಕೂರಿಸುತ್ತಾರೆ. ಅವನು ಸಂದಿಗೆ ಹಾರೆ ಹಾಕಿದ. ಸುಣ್ಣ ಇನ್ನೂ ಬಿಗಿದಿರಲಿಲ್ಲ.

"ಏಯ್, ಗೋಡೆ ಮುಟ್ಬೇಡ!" ಭಾವ ಏದುಸಿರು ಬಿಡುತ್ತ ಓಡಿಬಂದ. ಹಿಂದೆಯೇ ಮೇಸ್ತ್ರಿ, ಉಳಿದವರು.

ಕಲ್ಲು ಹೊರಳಿತು. ಮೀನು! ಬಾಲ ಮುರಿದಿತ್ತು.

ಮೇಸ್ತ್ರಿ ಕತ್ತು ಕೆರೆದುಕೊಂಡ. "ಒಡೆದಿದ್ರೆ ಹೇಳೋದಲ್ವೇನಯ್ಯಾ?" ಎಂದು ಭಾವನನ್ನು ಗದರಿಸಿ ಇವನತ್ತ ತಿರುಗಿದ. "ಸರಿ ಸರಿ, ನೀನು ನಿನ್ನ ಕೆಲಸ ನೋಡ್ಕೋ."

ಆಡಿದ ಮಾತು ವಾಪಸು ತಗೊಳ್ಳಲಿಲ್ಲ.

ಭಾವನ ಮುಖ ಸುಣ್ಣದಂತಾಗಿತ್ತು. "ನನ್ನ ಕೆಲಸ ಹೋದ್ರೆ ನಿಮ್ಮಕ್ಕ ಏನು ತಿನ್ಬೇಕೋ? ನೀನು ಒಂಟಿ, ಎಲ್ಲಾದ್ರೂ ಬದುಕ್ಕೋತೀಯ ಅಂದ್ಕೊಂಡೆ. ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕ್ದೆ. ಈಗ ಹೊಟ್ಟೆ ತಣ್ಣಗಾಯ್ತಾ?"

ಅವನು ಹಾರೆಯನ್ನು ಗೋಡೆಗೆ ಒರಗಿಸಿ, ಮೆಟ್ಟಿಲಿಳಿದು ಹೊರಟುಹೋದ.